ಕಡಲಿಗೆ ಹೋದ ಸಾಕ್ಷ್ಯ

ನನ್ನ ಗಂಡನ ಅಕ್ಕ ಸಪಿಯಾಗೆ ಆಗ ಐವತ್ತೆಂಟು. ತೆರೆಂಗಾನು ಕರಾವಳಿಯ ನಮ್ಮ ಊರಲ್ಲಿ ಮೀನಿನ ಹಪ್ಪಳದ ಅಂಗಡಿಯನ್ನು ನಾವಿಬ್ಬರೂ ಸೇರಿ ನಡೆಸುತ್ತಿದ್ದೆವು. ಕಡಲಾಮೆಯ ಮೊಟ್ಟೆ ಮಾರುವುದನ್ನು ಸರಕಾರ ನಿಷೇಧಿಸಿ ಎರಡು ವರ್ಷವಾಗಿದ್ದರೂ ಅಕ್ಕ ಗುಟ್ಟಾಗಿ ಮಾರುತ್ತಲೇ ಇದ್ದಳು. ನಾನು ಬೈದರೆ, "ನಮ್ಮಮ್ಮ ಮಾರಿದ್ದು, ನಮ್ಮಜ್ಜಿ ಮಾರಿದ್ದು. ನಿನ್ನೆ ಮೊನ್ನೆ ಬಂದ ಕಾನೂನಿಗೆ ನಾನ್ಯಾಕೆ ಹೆದರ್ಲಿ?" ಅನ್ನುತ್ತಿದ್ದಳು.

ಮೇ ತಿಂಗಳ ಒಂದು ಬೆಳಿಗ್ಗೆ, ಅಕ್ಕ ಆಗಷ್ಟೇ ಮರಳಿನಿಂದ ತೆಗೆದ ತೊಂಬತ್ತಾರು ಮೊಟ್ಟೆಗಳನ್ನು ಬಕೆಟ್ಟಿನಲ್ಲಿಟ್ಟುಕೊಂಡು ಸ್ಕೂಟರಿನಲ್ಲಿ ಬರುವಾಗ ಸೇತುವೆಯ ಬಳಿ ಪೊಲೀಸ್ ಜೀಪು ಕಂಡಿತು. ಕೈ ಅಡ್ಡ ಹಿಡಿದವನು ಸುಹೈಮಿ, ದಿನಾ ನಮ್ಮಲ್ಲೇ ಹಪ್ಪಳ ಕೊಳ್ಳುವ ಕಾನ್‌ಸ್ಟೇಬಲ್. ಅಕ್ಕ ಸ್ಕೂಟರನ್ನು ಕಡಲದಂಡೆಗೆ ತಿರುಗಿಸಿದಳು. ಚಕ್ರ ಮರಳಿನಲ್ಲಿ ಹೂತಿತು. ಬಕೆಟ್ಟು ಹಿಡಿದು ಕೇದಗೆ ಪೊದೆಯ ಹಿಂದಕ್ಕೆ ಓಡಿ, ಎರಡೂ ಕೈಯಿಂದ ಗುಂಡಿ ತೋಡಿ, ಮೊಟ್ಟೆಗಳನ್ನು ಹೂತು, ಬಕೆಟ್ಟನ್ನು ಕಡಲಿಗೆ ಎಸೆದು ಕೂತುಬಿಟ್ಟಳು.

ಸುಹೈಮಿ ಏದುಸಿರು ಬಿಡುತ್ತಾ ಬಂದ. "ಚಿಕ್ಕಮ್ಮಾ, ನಿಲ್ಲಿ ಅಂದ್ರೆ ಓಡೋದಾ? ಈ ಬೂಟು ಹಾಕ್ಕೊಂಡು ಮರಳಲ್ಲಿ ಓಡೋಕಾಗತ್ತಾ?"

"ನಿನ್ನನ್ನ ಓಡು ಅಂದೋರ್ಯಾರು? ನಾನು ಗಾಳಿ ತಗೊಳ್ಳೋಕೆ ಬಂದೆ."

"ಬಕೆಟ್ ಎಲ್ಲಿ?"

"ಯಾವ ಬಕೆಟ್ಟು?"

ಅಷ್ಟರಲ್ಲಿ ಅಲೆಯೊಂದು ಆ ಕೆಂಪು ಬಕೆಟ್ಟನ್ನು ತಂದು ಅವನ ಬೂಟಿನ ಮುಂದೆ ಬಿಟ್ಟಿತು. ಅವನು ಬಕೆಟ್ಟನ್ನು ನೋಡಿದ, ಮೊಣಕೈವರೆಗೆ ಮರಳು ಮೆತ್ತಿದ ಅಕ್ಕನ ಕೈ ನೋಡಿದ. ಅಕ್ಕ ತೆಪ್ಪಗೆ ಜಾಗ ತೋರಿಸಿದಳು.

ಮೀನುಗಾರಿಕೆ ಇಲಾಖೆಯ ದೆರಾಮನ್ ಬಂದವರು, "ಮತ್ತೆ ಅಲುಗಾಡಿಸಿದರೆ ಒಳಗಿನ ಜೀವ ಸಾಯತ್ತೆ, ಇಲ್ಲೇ ಇರ್ಲಿ," ಎಂದರು. ಫೋಟೋ ತೆಗೆದು, ಸುತ್ತ ಗೂಟ ನೆಟ್ಟು ಪೊಲೀಸ್ ಪಟ್ಟಿ ಕಟ್ಟಿದರು. ಅಕ್ಕನ ಮೇಲೆ ಎರಡು ಆರೋಪ: ಮೊಟ್ಟೆ ಇಟ್ಟುಕೊಂಡದ್ದು, ಪೊಲೀಸರನ್ನು ಕಂಡು ಸಾಕ್ಷ್ಯ ಮರೆಮಾಚಿದ್ದು. ಎರಡನೆಯದಕ್ಕೆ ಜೈಲೂ ಆಗಬಹುದು ಎಂದು ಠಾಣೆಯಲ್ಲಿ ಹೇಳಿದ ಮೇಲೆ ಅವಳ ಜೋರೆಲ್ಲ ಇಳಿಯಿತು.

ಜಾಮೀನಿನ ಮೇಲೆ ಮನೆಗೆ ಬಂದವಳು ದಿನಾ ಸಂಜೆ ಅಲ್ಲಿಗೆ ಹೋಗತೊಡಗಿದಳು. ಉಡಗಳು ಗೂಡು ಕೆದಕಲು ಬರುತ್ತಿದ್ದವು. "ಇವು ಮೊಟ್ಟೆ ತಿಂದ್ರೆ ಅದನ್ನೂ ನಾನೇ ಮಾಡ್ದೆ ಅಂತಾರೆ," ಎಂದು ಕೋಲು ಹಿಡಿದು ಕೂರುತ್ತಿದ್ದಳು. ಕಾವಲಿಗಿದ್ದ ಸುಹೈಮಿಗೆ ಬಿಸಿ ಹಪ್ಪಳ ಒಯ್ಯುತ್ತಿದ್ದಳು. ಅವನು, "ಇದು ಲಂಚ ಚಿಕ್ಕಮ್ಮಾ," ಎಂದು ದುಡ್ಡು ಕೊಟ್ಟೇ ತಿನ್ನುತ್ತಿದ್ದ.

ಐವತ್ತನಾಲ್ಕನೇ ದಿನ, ಮಳೆ ಬಂದು ತಂಪಾಗಿದ್ದ ಸಂಜೆ, ಮರಳು ಅಲುಗಿತು. ಅಂಗೈಗಿಂತ ಚಿಕ್ಕ ಕಪ್ಪು ಮರಿಗಳು ಒಂದರ ಮೇಲೊಂದು ಹತ್ತಿ ಹೊರಬಂದವು.

"ಚಿಕ್ಕಮ್ಮಾ, ಸಾಕ್ಷ್ಯ ಓಡ್ತಿದೆ!"

"ಹಿಡ್ಕೋ ಹೋಗು! ನನ್ನನ್ನ ಹಿಡಿದೋನಲ್ವಾ ನೀನು!"

ಎಪ್ಪತ್ತೊಂದು ಮರಿ ಕಡಲು ಸೇರಿದವು. ಅಕ್ಕ ಮನೆಗೆ ಬಂದು ನನ್ನ ಪಕ್ಕ ಕೂತು, "ಇಷ್ಟು ವರ್ಷ ಒಂದ್ಸಲನೂ ನೋಡಿರ್ಲಿಲ್ಲ ಕಣೇ," ಎಂದಳು.

ವಿಚಾರಣೆಯ ದಿನ ಅಕ್ಕನ ವಕೀಲ, ಸಾಕ್ಷ್ಯ ನಾಶವೇ ಆಗಿಲ್ಲ, ಮರಳೇ ಮೊಟ್ಟೆಯ ಮನೆ ಎಂದು ಚೆನ್ನಾಗಿಯೇ ವಾದಿಸಿದ. ಮ್ಯಾಜಿಸ್ಟ್ರೇಟ್ ಅಕ್ಕನನ್ನೇ ಕೇಳಿದರು: "ಆಮೆಗಳನ್ನ ಉಳಿಸೋಕೆ ಅಂತ ಹೂತ್ರಾ?"

ವಕೀಲ ಹೌದೆನ್ನಲು ಹೇಳಿಕೊಟ್ಟಿದ್ದ. ಅಕ್ಕ ತಲೆ ತಗ್ಗಿಸಿದಳು. "ಇಲ್ಲಮ್ಮಾ. ಪೊಲೀಸ್ರಿಗೆ ಸಿಗ್ಬಾರ್ದು ಅಂತ ಹೂತೆ. ಈ ಸುಹೈಮಿ ವಾಪಸ್ ಹೋಗಿದ್ದಿದ್ರೆ ತೆಗ್ದು ಮಾರ್ತಿದ್ದೆ."

ವಕೀಲ ಹಣೆ ಒತ್ತಿಕೊಂಡ. ಎರಡೂ ಆರೋಪ ಸಾಬೀತಾದವು. ಬಚ್ಚಿಡುವ ಉದ್ದೇಶವಿತ್ತು, ಅಷ್ಟು ಸಾಕು ಎಂದರು ಮ್ಯಾಜಿಸ್ಟ್ರೇಟ್. ಆದರೆ ತಾನೇ ಜಾಗ ತೋರಿಸಿದ್ದನ್ನೂ ಸುಳ್ಳು ಹೇಳದ್ದನ್ನೂ ಪರಿಗಣಿಸಿದರು. ಮೊದಲನೆಯದಕ್ಕೆ ದಂಡ, ಎರಡನೆಯದಕ್ಕೆ ಜೈಲಿನ ಬದಲು ಮೂರು ತಿಂಗಳು ದೆರಾಮನ್ನರ ಆಮೆ ಸಂರಕ್ಷಣಾ ಕೇಂದ್ರದಲ್ಲಿ ದಿನಾ ಕೆಲಸ.

ಮೊದಲ ವಾರವೇ ಅಕ್ಕ ಅಲ್ಲಿನವರಿಗೆ ಮೊಟ್ಟೆ ಹೂಳುವ ಗುಂಡಿ ತೋಡುವುದನ್ನು ಕಲಿಸತೊಡಗಿದಳು. "ಇದೇನು ಬಾವಿನಾ? ಮೊಣಕೈ ಮುಳುಗಿದ್ರೆ ಸಾಕು," ಎಂದು ದೆರಾಮನ್ನರನ್ನೂ ಬಿಡಲಿಲ್ಲ. ಅವರು ನಗುತ್ತಾ ಸಲಿಕೆ ಕೊಟ್ಟು ಪಕ್ಕಕ್ಕೆ ಸರಿದರು.

ಶಿಕ್ಷೆ ಮುಗಿದು ಈಗ ವರ್ಷವಾಯಿತು. ಅಕ್ಕ ಬೆಳಿಗ್ಗೆ ಎದ್ದು ಇನ್ನೂ ಅಲ್ಲಿಗೇ ಹೋಗುತ್ತಾಳೆ. ಹಿಟ್ಟು ಕಲಸುವುದು, ಒಣ ಹಾಕುವುದು ಎಲ್ಲ ನನ್ನ ಪಾಲಿಗೆ ಬಿದ್ದಿದೆ. ಮಧ್ಯಾಹ್ನ ಬಿಸಿಲಲ್ಲಿ ಕಪ್ಪಗಾಗಿ ಬಂದು, ಎರಡು ತಟ್ಟೆ ಅನ್ನ ತಿಂದು, ಅಂಗಡಿಯ ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಾಳೆ. ಗಿರಾಕಿಗಳು ನಗುತ್ತಾರೆ. ನಾನು ಎಬ್ಬಿಸುವುದಿಲ್ಲ.