ಮರ ಎಲ್ಲಿದೆ ಎಂದು ಕೇಳಬಾರದು

ಶಿರಸಿಯ ಆ ಬಾರಿನ ಮುಂದೆ ನಾನು ಎರಡು ಸಲ ಹಾದುಹೋದೆ. ಮೊದಲ ಸಲ ಪರಿಚಯದವರು ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡಲು. ಎರಡನೇ ಸಲ, ಹಾಗೆ ನೋಡುತ್ತಿದ್ದವರು ಹೋದರೇ ಎಂದು ನೋಡಲು. ಚೀಲದಲ್ಲಿ ಉಪ್ಪಿನಕಾಯಿಯ ಬಾಟಲಿ ಇತ್ತು. ಮಟಮಟ ಮಧ್ಯಾಹ್ನ ಬಾಟಲಿ ಹಿಡಿದು ಬಾರಿನ ಎದುರು ಸುಳಿದಾಡುವ ಹೆಂಗಸಿನ ಬಗ್ಗೆ ಜನ ಏನೆಂದುಕೊಂಡಾರು ಎಂಬುದು ಆಮೇಲೆ ಹೊಳೆದು ಇನ್ನಷ್ಟು ಬೆವತೆ.

ನಮ್ಮದು ‘ಅಪ್ಪೆಮಿಡಿ ಅಡ್ಡಾ’ ಎಂಬ ವಾಟ್ಸಾಪ್ ಗುಂಪು. ಕಾಡು ಮಾವಿನ ಎಳೆ ಮಿಡಿ, ಅದರ ಸೊನೆಯ ಪರಿಮಳ, ಉಪ್ಪಿನ ಹದ, ಇಷ್ಟೇ ಅಲ್ಲಿನ ಮಾತು. ಗುಂಪಿಗೆ ಇರುವುದು ಒಂದೇ ಕಟ್ಟಳೆ: ಮರ ಎಲ್ಲಿದೆ ಎಂದು ಯಾರನ್ನೂ ಕೇಳಬಾರದು. ನಮ್ಮ ಕಡೆ ಒಳ್ಳೆಯ ಅಪ್ಪೆಮರದ ಜಾಗವನ್ನು ಅಳಿಯನಿಗೂ ಹೇಳುವುದಿಲ್ಲ. ಮುಖಾಮುಖಿ ಭೇಟಿಗೆ ಬಾರನ್ನು ಆರಿಸಿದ್ದು ಅಡ್ಮಿನ್ ಕಿಶೋರ. ಹೋಟೆಲಿನವರಾದರೆ ಹೊರಗಿನ ಉಪ್ಪಿನಕಾಯಿ ತಂದರೆ ಮುಖ ಸಿಂಡರಿಸುತ್ತಾರೆ, ಇಲ್ಲಿ ಸ್ವಾಗತಿಸುತ್ತಾರೆ ಎಂಬುದು ಅವನ ವಾದ.

ನಾನು ಬಂದದ್ದು ಮಾತ್ರ ಇಡಗುಂದಿಯ ಉಲ್ಲಾಸರಿಗಾಗಿ. ಅವರು ಗುಂಪಿಗೆ ಹಾಕಿದ್ದ ಮಿಡಿಯ ಫೋಟೋ ನೋಡಿದ ದಿನ ನನಗೆ ಸರಿಯಾಗಿ ಊಟ ಸೇರಿರಲಿಲ್ಲ. ಗಿಣಿಮೂತಿಯಂಥ ಅದೇ ತುದಿ, ತೊಟ್ಟಿನ ಸುತ್ತ ಅದೇ ಕೆಂಪು. ನಮ್ಮೂರು ಮನ್ಮನೆಯಲ್ಲಿ ಗಾಳಿಗೆ ಬಿದ್ದುಹೋದ ನಮ್ಮ ಮರದ್ದೂ ಹಾಗೇ ಇತ್ತು. ಕಸಿ ಕಟ್ಟಲು ಒಂದು ಕುಡಿ ಕೊಡುತ್ತೀರಾ ಎಂದು ಅವರಿಗೆ ಪ್ರತ್ಯೇಕವಾಗಿ ಬರೆದಿದ್ದೆ. ಕೈ ಮುಗಿದ ಚಿತ್ರವೊಂದು ಉತ್ತರವಾಗಿ ಬಂದಿತ್ತು. ನಮ್ಮಲ್ಲಿ ಅದಕ್ಕಿಂತ ಸ್ಪಷ್ಟವಾದ ‘ಇಲ್ಲ’ ಇಲ್ಲ.

“ಒಳಗೆ ಬಾರೆ ತಂಗಿ,” ಎಂದು ಬಾಗಿಲಲ್ಲೇ ಒಬ್ಬರು ಕೈ ಹಿಡಿದರು. ಫೋನಿನಲ್ಲಿ ಇಷ್ಟು ದಿನ ಬರೀ ಕೆಂಪು ದಾಸವಾಳದ ಚಿತ್ರವಾಗಿದ್ದ ನಂದೊಳ್ಳಿಯ ಗೌರಕ್ಕ. “ಆನೂ ಇದೇ ಮೊದ್ಲು ಬಂದಿದ್ದು. ನೋಡಿರೆ ಮದುವೆ ಹಾಲ್ ಇದ್ದಾಂಗೇ ಇದ್ದು. ಕತ್ತಲೆ ಸ್ವಲ್ಪ ಜಾಸ್ತಿ.”

ಒಳಗೆ ಉದ್ದನೆಯ ಮೇಜಿನ ಮೇಲೆ ಬಿಯರಿಗಿಂತ ಉಪ್ಪಿನಕಾಯಿ ಬಾಟಲಿಗಳೇ ಹೆಚ್ಚಿದ್ದವು. ಗೌರಕ್ಕ ಲಿಂಬು ಸೋಡಾ ತರಿಸಿ, ಅದಕ್ಕೆ ಉಪ್ಪು ಕಡಿಮೆ ಎಂದು ತಮ್ಮದೇ ಬಾಟಲಿಯಿಂದ ಒಂದು ಚಮಚ ರಸ ಸುರಿದುಕೊಂಡರು. ಗುಂಪಿನಲ್ಲಿ ದಿನವೂ ಜಗಳವಾಡುವ ಇಬ್ಬರು ಒಂದೇ ತಟ್ಟೆಯಿಂದ ಶೇಂಗಾ ತಿನ್ನುತ್ತಿದ್ದರು. ಉಲ್ಲಾಸ ಮೂಲೆಯಲ್ಲಿದ್ದರು. ನಲವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ಬಾಟಲಿಗಳು ಕೈಯಿಂದ ಕೈಗೆ ದಾಟುತ್ತಿದ್ದವು. ನನ್ನದು ಅವರನ್ನು ತಲುಪುವುದನ್ನೇ ನಾನು ಕಾಯುತ್ತಿದ್ದೆ. ರುಚಿ ನೋಡಿ ಮೆಚ್ಚಿದರೆ ಆಗ ಕೇಳಬೇಕು. ವಾಕ್ಯವನ್ನೂ ಹೊಂದಿಸಿಟ್ಟುಕೊಂಡಿದ್ದೆ.

ಅವರು ಮಿಡಿ ಕಚ್ಚಿದರು. ಬಾಟಲಿಯನ್ನು ಮೂಗಿಗೆ ಹಿಡಿದರು. ಮತ್ತೆ ಕಚ್ಚಿದರು.

“ಇದು ಎಲ್ಲಿ ಕೊಯ್ದಿದ್ದು?”

ಮೇಜು ಗೊಳ್ಳೆಂದಿತು. ಅಡ್ಮಿನ್ ಎದುರೇ ರೂಲ್ಸ್ ಮುರಿದರಲ್ಲ ಎಂದು ಕಿಶೋರ ಕಾಲೆಳೆದ. ಉಲ್ಲಾಸ ನಗಲಿಲ್ಲ.

“ಇದು ನಮ್ ಮರದ್ದು. ಹ್ವಾದ ವರ್ಷ ಯಾರೋ ಅರ್ಧ ಮರ ಬೋಳಿಸಿದ್ರು. ಯಾರಂತ ಈಗ ಗೊತ್ತಾತು.”

ನಗು ನಿಂತಿತು. ಎಲ್ಲರ ಕಣ್ಣೂ ನನ್ನ ಮೇಲೆ. ಹೊಂದಿಸಿಟ್ಟ ವಾಕ್ಯ ಎಲ್ಲಿ ಹೋಯಿತೋ. ಮಿಡಿಗಳ್ಳಿ ಎಂಬ ಹೆಸರು ಸಂಜೆಯೊಳಗೆ ಮೂರು ತಾಲೂಕಿಗೆ ತಲುಪುತ್ತದೆ, ಕುಡಿ ಕೇಳುವ ಮಾತಂತೂ ಮುಗಿಯಿತು ಎಂದುಕೊಂಡೆ. ಉಪ್ಪಿನಕಾಯಿ ನಮ್ಮ ಮರದ್ದೇ, ಅದು ಬೀಳುವ ಮೊದಲು ಹಾಕಿದ ಹಳೆಯದು ಎಂದೆ. ಹಾಗೆಂದು ಯಾರು ಬೇಕಾದರೂ ಹೇಳಬಹುದು ಎಂದರು ಉಲ್ಲಾಸ. ಫೋನಿನಲ್ಲಿ ಬಿದ್ದ ಮರದ ಫೋಟೋ ತೋರಿಸಿದೆ. ಬಿದ್ದ ಮೇಲೆ ಎಲ್ಲ ಮರವೂ ಒಂದೇ ಎಂದರು. ಅದೂ ನಿಜವೇ.

ಉಳಿದದ್ದು ಒಂದೇ ದಾರಿ. ಅತ್ತೆ ನನಗೆ ಹೇಳಿ, ಬೇರೆ ಯಾರಿಗೂ ಹೇಳಬಾರದೆಂದು ಮಾತು ತೆಗೆದುಕೊಂಡಿದ್ದ ಮರದ ಜಾಗವನ್ನು ಅಷ್ಟು ಜನರೆದುರು ಹೇಳಿಬಿಟ್ಟೆ. ಮನ್ಮನೆಯ ಗದ್ದೆಬಯಲು ಮುಗಿದಲ್ಲಿ ಹಳ್ಳ ದಾಟಬೇಕು, ಎಡಕ್ಕೆ ಏರು ಹತ್ತಿದರೆ ಜೋಡಿ ಬಂಡೆ, ಅದರ ಹಿಂದೆ. “ಈಗ ಬುಡ ಮಾತ್ರ ಇದೆ. ಬೇಕಾದರೆ ಹೋಗಿ ನೋಡಿ. ನಿಮ್ಮ ಮಿಡಿ ನಾನು ಕೊಯ್ಯಲಿಲ್ಲ. ನಿಮ್ಮ ಮರದ ಒಂದು ಕುಡಿ ಕೇಳಲು ಬಂದವಳು ನಾನು.”

ಗೌರಕ್ಕ ಮೆಲ್ಲಗೆ, “ಜಾಗ ಹೇಳಿಬಿಟ್ಟೆಯಲೆ,” ಎಂದರು, ಯಾರೋ ತೀರಿಕೊಂಡರೇನೋ ಎಂಬಂತೆ.

ಉಲ್ಲಾಸ ಬಾಟಲಿಯ ಮುಚ್ಚಳ ಬಿಗಿಯಾಗಿ ಹಾಕಿ ನನ್ನ ಮುಂದಿಟ್ಟರು. “ಬಿದ್ದೇ ಹೋತಾ?”

“ಬಿದ್ದೇ ಹೋಯಿತು.”

ತಮ್ಮದು ತಪ್ಪಾಯ್ತು ಎಂದು ಉಲ್ಲಾಸ ಹೇಳಲಿಲ್ಲ. ಹೇಳುವ ಜಾತಿಯವರಲ್ಲ ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ನಾಲ್ಕು ಮಳೆ ಬಿದ್ದ ಮೇಲೆ ಬನ್ನಿ, ಕಸಿ ಕಟ್ಟುವವರನ್ನೂ ಕರೆದುಕೊಂಡು ಬನ್ನಿ, ಬಂದವರ ಬಾಯಿ ಮಾತ್ರ ಬಿಗಿ ಇರಲಿ ಎಂದರು. ಎಲ್ಲಿಗೆ ಬರಬೇಕು ಎಂದು ನಾನು ಕೇಳಲಿಲ್ಲ. ಕೇಳಬಾರದಲ್ಲ.

ಅವರೇ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಮೇಜಿನ ಸುತ್ತ ಶೇಂಗಾ ಅಗಿಯುವ ಸದ್ದೂ ನಿಂತಿತು. ಕಿಶೋರ ಅಂತೂ ಬಿಯರ್ ಲೋಟ ಬಾಯಿಗಿಟ್ಟುಕೊಂಡು ಕುಡಿಯುವುದನ್ನೇ ಮರೆತಿದ್ದ. ಉಲ್ಲಾಸ ಎಲ್ಲರನ್ನೂ ಒಮ್ಮೆ ನೋಡಿ ವೇಟರನ್ನು ಕರೆದರು.

“ಸೋಮಣ್ಣ, ಆ ಹಾಡು ಸ್ವಲ್ಪ ದೊಡ್ಡದು ಮಾಡು.”

ಸೋಮಣ್ಣ ದೊಡ್ಡದು ಮಾಡಿದ. ಗೌರಕ್ಕ ಎಷ್ಟು ಬಾಗಿದರೂ ಅವರಿಗೆ ಏನೂ ಕೇಳಿಸಲಿಲ್ಲವಂತೆ. ನನಗೆ ಪೂರ್ತಿ ಕೇಳಿಸಿತು. ಅದನ್ನು ಇಲ್ಲಿ ಬರೆಯುವುದಿಲ್ಲ.