ಮರ್ದಾನಸಾಬರ ಎಡಗೈ

ಮರ್ದಾನಸಾಬರ ಕೋಟಿನ ಎಡತೋಳು ಮೊಣಕೈಗೇ ಮುಗಿಯುತ್ತದೆ. ನೀರಿಗೆ ಕೈಯಿಡಲು ಅಡ್ಡಿಯೆಂದು ಉಳಿದ ಬಟ್ಟೆಯನ್ನು ಅವರೇ ಕತ್ತರಿಸಿ ತೆಗೆದಿದ್ದಾರೆ. ಅಡರಕಟ್ಟಿಯ ಕೆರೆಗಿಳಿದು, ಆ ಕೈಯನ್ನು ನೀರಿಗಿಟ್ಟು, ಕಣ್ಣು ಮುಚ್ಚಿ ಅರೆಗಳಿಗೆ ನಿಂತು, ಮೀನು ಇಂದು ಎಲ್ಲಿದೆಯೆಂದು ಹೇಳಿಬಿಡುತ್ತಾರೆ. ಹೇಳುವ ಮೊದಲು ಮಾತ್ರ “ನನಗೇನ್ ತಿಳೀತೈತ್ರಿ” ಎನ್ನದೆ ಬಿಡುವವರಲ್ಲ. ನಲವತ್ತು ವರ್ಷ ಬಲೆ ಬೀಸಿದ ಮನುಷ್ಯನ ಈ ವಿನಯ ಕೇಳಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ.

ನಾನು ಗದಗಿನಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕ. ಆರು ವರ್ಷ ಉಷ್ಣಮಾಪಕ ಹಿಡಿದು ಆ ಕೆರೆಯನ್ನು ಅಳೆದು, ಬೇಸಿಗೆಯಲ್ಲಿ ಮೀನುಗಳು ತೂಬಿನ ಬಳಿಯ ತಂಪು ಮಡುವನ್ನೇ ಆಶ್ರಯಿಸುತ್ತವೆಂದು ಪ್ರಬಂಧ ಬರೆದಿದ್ದೆ. ನನ್ನ ಬಡ್ತಿ, ಪ್ರತಿಷ್ಠೆ ಎರಡೂ ಅದನ್ನೇ ನೆಚ್ಚಿಕೊಂಡಿದ್ದವು. ಕೊನೆಯ ಪರೀಕ್ಷೆಗೆಂದು ಹೋದ ಏಪ್ರಿಲಿನಲ್ಲಿ ಮಡುವಿಗೆ ಬಲೆ ಹಾಕಿದರೆ, ನಾನು ಲೆಕ್ಕ ಹಾಕಿದ್ದರ ಅರ್ಧದಷ್ಟು ಮೀನೂ ಬರಲಿಲ್ಲ. ನನ್ನ ಸಂಶೋಧನಾ ವಿದ್ಯಾರ್ಥಿನಿ ಸ್ನೇಹಾ ನನ್ನನ್ನು ಒಂದು ಮಾತೂ ಕೇಳದೆ ಏರಿಯ ಮೇಲೆ ಕುಳಿತಿದ್ದ ಮರ್ದಾನಸಾಬರ ಕಡೆಗೆ ಓಡಿದಳು.

“ಅಜ್ಜಾರ, ಉಳಿದ ಮೀನ ಎಲ್ಲಿ ಹೋದುವ್ರಿ?”

ಅವರು ಎಡಕ್ಕೆ ವಾಲುವ ತಮ್ಮ ನಿಧಾನದ ನಡಿಗೆಯಲ್ಲಿ ಬಂದು, ನಮ್ಮ ಬಲೆಯಿಂದ ಒಂದು ಮೀನೆತ್ತಿ ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿದರು.

“ನನಗೇನ್ ತಿಳೀತೈತವ್ವ. ಬಡಕಾಗೇತಿ ನೋಡು. ಈ ವರ್ಷ ಕೆರಿಗೆ ಮೀನಮರಿ ಭಾಳ ಬಿಟ್ಟಾರ. ತಂಪ ಎಲ್ಲಾಕೂ ಬೇಕು, ಆದ್ರ ಇಷ್ಟು ಮಂದಿಗೆ ತಿನ್ನಾಕ ಎಲ್ಲಿಂದ ಬರಬೇಕು? ಅದಕ್ಕ ಅರ್ಧ ದಂಡಿಗೆ ಹೋಗ್ಯಾವ, ನೀರು ಬಿಸಿ ಇದ್ರೂ ಹೊಟ್ಟಿ ತುಂಬತೈತಿ.”

ದಂಡೆಯ ಬೆಚ್ಚನೆಯ ನೀರಿಗೆ ಬಲೆ ಬೀಸಿದೆವು. ಎಳೆಯಲು ನಾಲ್ಕು ಜನ ಬೇಕಾದರು. ಆರು ವರ್ಷ ನಾನು ನೀರಿನ ಶಾಖವನ್ನು ಅಳೆದಿದ್ದೆ, ಮೀನುಗಳ ಸಂಖ್ಯೆಯನ್ನು ಲಕ್ಷಿಸಿಯೇ ಇರಲಿಲ್ಲ. ಸ್ನೇಹಾಳ ಕಣ್ಣಲ್ಲಿ ಅಂದು ಅವರಿಗಾಗಿ ಮೂಡಿದ ಬೆರಗು ನನ್ನ ಯಾವ ಪಾಠಕ್ಕೂ ಮೂಡಿದ್ದಿಲ್ಲ.

ಪ್ರಬಂಧವನ್ನು ತಿದ್ದಿ ಬರೆದೆ. ಅಚ್ಚಾಯಿತು, ಬಡ್ತಿಯೂ ಬಂತು. ಅದರಲ್ಲಿ ಅವರ ಹೆಸರಿಲ್ಲ. ಮರೆತು ಬಿಟ್ಟದ್ದಲ್ಲ, ಬರೆಯಲು ಕೈ ಒಪ್ಪಲಿಲ್ಲ, ಅಷ್ಟೇ. “ಸ್ಥಳೀಯ ಮಾಹಿತಿ” ಎಂದು ಸಾಗಹಾಕಿದೆ.

ಓದಿ ಹೇಳಿರೆಂದು ಅವರೇ ಕೇಳಿದಾಗ, ಆ ಸಾಲನ್ನೂ ಬಿಡದೆ ಕನ್ನಡಕ್ಕೆ ತಿರುಗಿಸಿ ಹೇಳಿದೆ. ಸಿಟ್ಟಾಗಲಿ, ನನಗೂ ಸಮಾಧಾನವಾದೀತು ಎಂಬ ಆಸೆಯಿತ್ತು. ಅವರ ಮುಖ ಅರಳಿತು.

“ಖರೆ ಬರದೀರಿ ಸರ. ಒಂದೂ ತಪ್ಪಿಲ್ಲ.”

ತಿಳಿದದ್ದು ಸರಿಯಿದೆಯೇ ಎಂದಷ್ಟೇ ನೋಡುವ, ಅದು ಯಾರದೆಂದು ಕೇಳದ ಕೆಲವರಿದ್ದಾರೆ. ಅಂಥವರಿಂದ ಕದ್ದವನಿಗೆ ಎಲ್ಲವೂ ಸಿಗುತ್ತದೆ, ಗೆದ್ದೆನೆಂಬ ಸುಖವೊಂದನ್ನು ಬಿಟ್ಟು.