ಕೆಳಗಿನ ಮರಳಿನ ಮೇಣದಬತ್ತಿ

ಫಿರಂಗಿ ಗುಂಡು ಬೀಳುತ್ತಿದ್ದ ಬೆಲ್‌ಗ್ರೇಡಿನಲ್ಲಿ ಬೇಕರಿಯ ರಾಡಿಸಾವ್ ಕಾಣೆಯಾಗಿ ವಾರವಾಗಿತ್ತು. ಅವನು ನೀಶ್ ಊರಿಗೆ ಹೋಗಿದ್ದಾನೆಂದ ಪಾಲುದಾರ ವುಕಾಶಿನನನ್ನು ಪೊಲೀಸರು ನಂಬಿದರು. ಚರ್ಚಿನಲ್ಲಿ ಮೇಣದಬತ್ತಿ ಮಾರುವ ಸ್ತಾಮೆನಾ ನಂಬಲಿಲ್ಲ. “ನಿನಗ್ಯಾಕಜ್ಜಿ ಊರ ಉಸಾಬರಿ?” ಎಂದು ಪೊಲೀಸ್ ಜಮಾದಾರ ಗದರಿದ್ದ.

ಭಾನುವಾರ ವುಕಾಶಿನನೇ ಬಂದ. “ರಾಡಿಸಾವ್ ಕ್ಷೇಮವಾಗಿ ಬರ್ಲಿ ಅಂತ ಒಂದು ಬತ್ತಿ ಕೊಡಜ್ಜಿ.” ಬತ್ತಿ ನೆಡಲು ಮೇಲೊಂದು ಕೆಳಗೊಂದು ಮರಳು ತುಂಬಿದ ತಟ್ಟೆಗಳಿದ್ದವು; ಹಚ್ಚಿದವನ ಕೈ ತಾನಾಗಿಯೇ ಕೆಳಗಿನ ಮರಳಿಗೆ ಹೋಯಿತು.

ಸ್ತಾಮೆನಾ ಅವನ ಕೊರಳಪಟ್ಟಿ ಹಿಡಿದಳು. “ಬದುಕಿರೋರಿಗೆ ಮೇಲಿನ ತಟ್ಟೆ, ಸತ್ತೋರಿಗೆ ಕೆಳಗಿಂದು! ನೀಶ್‌ನಲ್ಲಿರೋನು ಯಾವಾಗ ಸತ್ತನೋ?”

ಅವನು ಕೊಸರಿಕೊಂಡು ಬಾಗಿಲಿಗೆ ಓಡಿದ; ಜನ ಹಿಡಿದು ಪೊಲೀಸರಿಗೊಪ್ಪಿಸಿದರು. ಸಂಜೆಯೊಳಗೆ ಅವರು ಬೇಕರಿಯ ನೆಲ ಅಗೆದು ರಾಡಿಸಾವ್‌ನ ಹೆಣ ತೆಗೆದರು.

ಮರುದಿನ ಜಮಾದಾರ ಟೋಪಿ ತೆಗೆದು ನಿಂತು ಬತ್ತಿ ಕೇಳಿದ.

“ಯಾರಿಗಪ್ಪಾ?”

“ನಿಮಗೇ, ಅಜ್ಜಿ.”

“ಹಾಗಾದ್ರೆ ನೋಡ್ಕೊಂಡು ಹಚ್ಚು. ಮೇಲೆ!”